ಕೊನೆಗೆ ಮರ್ಜ್ ಮಾಡುವವರ ಪಾಡು

ಭಟ್ಕಳದ ಹತ್ತಿರ ಹೆಬಳೆಯಿಂದ ಓದುಗರೊಬ್ಬರು ಮೆಸೇಜ್ ಕಳಿಸಿದ್ದಾರೆ. ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತಾರೆ. ಆರು ಜನರ ಟೀಮು. ಸಹಕಾರಿ ಸಂಘಗಳ ಸಾಲ, ಠೇವಣಿ ಲೆಕ್ಕ ಇಡುವ ಸಾಫ್ಟ್‌ವೇರ್ ಅವರದ್ದು, ಕನ್ನಡದಲ್ಲೂ ಸಿಗುತ್ತದೆ. ಅವರ ಪ್ರಶ್ನೆ ಇಷ್ಟು: "ಕೋಡನ್ನು ತಾನಾಗಿ ಮರ್ಜ್ ಮಾಡುವ ಟೂಲ್ ಒಂದನ್ನು ಆರಿಸುವ ಕೆಲಸ ನನಗೆ ಬಂದಿದೆ. ನೋಡಿದರೆ ಹತ್ತಾರು ಇವೆ. ಯಾವುದು ಒಳ್ಳೆಯದು?"

ಅದರ ಕೆಳಗೆ ಇನ್ನೊಂದು ಸಾಲು: "ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದ್ರೆ ಯಾವಾಗ ಬರ್ತದೆ ಹೇಳಕ್ಕಾಗಲ್ಲ. ಹಾಗಾಗಿ ಯಾವಾಗಲೂ ನಾನೇ ಕೊನೆಗೆ ಮರ್ಜ್ ಮಾಡೋದು. ಕಾನ್‌ಫ್ಲಿಕ್ಟ್ ಎಲ್ಲಾ ನನ್ನ ತಲೆಗೇ."

ನನಗೆ ಕೇಳಿದರೆ ಮೊದಲನೆಯದು ಮ್ಯಾನೇಜರ್ ಪ್ರಶ್ನೆ, ಎರಡನೆಯದೇ ನಿಜವಾದ ಪ್ರಶ್ನೆ. ಮರ್ಜ್ ಟೂಲ್ ಆರಿಸುವುದು ಅಂದರೆ ಎರಡು ಕೆಲಸ ಕೂಡಿಸುವಾಗ ಬರುವ ಕಷ್ಟ ಯಾರ ಪಾಲಿಗೆ ಹೋಗಬೇಕು ಅಂತ ಆರಿಸುವುದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಉತ್ತರ ಹೇಳ್ತೇನೆ.

ಮದುವೆ ಕಾಗದದ ಲೆಕ್ಕ

ಈ ಲೋಕದವರಲ್ಲದ ಓದುಗರಿಗಾಗಿ ಒಂದು ಉದಾಹರಣೆ. ಮನೆಯಲ್ಲಿ ಮದುವೆ. ಆಮಂತ್ರಣ ಪತ್ರಿಕೆಯ ಕರಡು ತಯಾರಾಗಿದೆ. ಅದರ ಒಂದೊಂದು ಪ್ರತಿ ದೊಡ್ಡಪ್ಪನಿಗೆ, ಚಿಕ್ಕಮ್ಮನಿಗೆ ಹೋಯಿತು. ದೊಡ್ಡಪ್ಪ ಮುಹೂರ್ತದ ಸಮಯ ತಿದ್ದಿದರು, ಚಿಕ್ಕಮ್ಮ ವಧುವಿನ ಡಿಗ್ರಿ ಸೇರಿಸಿದರು. ಮೂಲ ಕರಡನ್ನು ಪಕ್ಕದಲ್ಲಿಟ್ಟು ನೋಡಿದರೆ ಯಾರು ಏನು ಬದಲಿಸಿದರು ಅಂತ ಗೊತ್ತಾಗುತ್ತದೆ. ಎರಡೂ ತಿದ್ದುಪಡಿ ಸೇರಿಸಿ ಪ್ರೆಸ್ಸಿಗೆ ಕೊಡಬಹುದು. ಗಿಟ್ ಮಾಡುವುದೂ ಇದೇ. ಮೂಲ ಒಂದು, ತಿದ್ದಿದ ಪ್ರತಿ ಎರಡು, ಈ ಮೂರನ್ನೂ ಹೋಲಿಸುವುದರಿಂದ ಇದಕ್ಕೆ ತ್ರೀ ವೇ ಮರ್ಜ್ ಅನ್ನುತ್ತಾರೆ.

ಇಬ್ಬರೂ ಮುಹೂರ್ತದ ಸಾಲನ್ನೇ ಬೇರೆ ಬೇರೆ ರೀತಿ ತಿದ್ದಿದ್ದರೆ? ಯಾರದ್ದು ಸರಿ ಅಂತ ಯಂತ್ರಕ್ಕೆ ತಿಳಿಯುವುದಿಲ್ಲ. "ನೀವೇ ನೋಡಿ" ಅಂತ ನಿಲ್ಲುತ್ತದೆ. ಇದು ಕಾನ್‌ಫ್ಲಿಕ್ಟ್. ಕಿರಿಕಿರಿ ಹೌದು, ಆದರೆ ಅಪಾಯ ಕಮ್ಮಿ, ಯಾಕಂದರೆ ಕಣ್ಣಿಗೆ ಬೀಳುತ್ತದೆ.

ಅಪಾಯ ಇರುವುದು ಮೂರನೇ ಬಗೆಯಲ್ಲಿ. ದೊಡ್ಡಪ್ಪ ಕಲ್ಯಾಣ ಮಂಟಪವನ್ನು ಭಟ್ಕಳದಿಂದ ಹೊನ್ನಾವರಕ್ಕೆ ಬದಲಿಸಿದರು. ಅದು ತಿಳಿಯದ ಚಿಕ್ಕಮ್ಮ ಕೆಳಗೆ "ಭಟ್ಕಳ ಬಸ್ ಸ್ಟ್ಯಾಂಡಿನಿಂದ ನಡೆದರೆ ಐದು ನಿಮಿಷ" ಅಂತ ಹೊಸ ಸಾಲು ಹಾಕಿದರು. ಸಾಲುಗಳು ಬೇರೆ ಬೇರೆ, ಡಿಕ್ಕಿ ಇಲ್ಲ. ಟೂಲ್ ಖುಷಿಯಿಂದ ಎರಡನ್ನೂ ಸೇರಿಸುತ್ತದೆ. ನೆಂಟರು ಮಾತ್ರ ಭಟ್ಕಳದಲ್ಲಿ ಇಳಿದು ಮಂಟಪ ಹುಡುಕುತ್ತಿರುತ್ತಾರೆ.

ನಮ್ಮ ಓದುಗರ ಸಾಫ್ಟ್‌ವೇರಿನಲ್ಲೇ ಹೀಗಾಯಿತು ಅಂದುಕೊಳ್ಳಿ. ಬಡ್ಡಿ ಲೆಕ್ಕದ ಫಂಕ್ಷನ್ ವರ್ಷದ ದರ ಕೇಳುತ್ತಿತ್ತು. ಒಬ್ಬರು ಅದನ್ನು ತಿಂಗಳ ದರಕ್ಕೆ ಬದಲಿಸಿದರು, ಹಳೆಯ ಜಾಗಗಳನ್ನೆಲ್ಲ ಸರಿ ಮಾಡಿದರು. ಅದೇ ದಿನ ಇನ್ನೊಬ್ಬರು ಬೇರೆ ಫೈಲಿನಲ್ಲಿ ಆ ಫಂಕ್ಷನ್ನನ್ನು ಹೊಸದಾಗಿ ಕರೆದು ವರ್ಷದ ದರ 12 ಅಂತ ಕೊಟ್ಟರು. ಕಾನ್‌ಫ್ಲಿಕ್ಟ್ ಇಲ್ಲ, ಮರ್ಜ್ ಆಯಿತು. 50,000 ರೂಪಾಯಿ ಸಾಲಕ್ಕೆ ತಿಂಗಳಿಗೆ 500 ರೂಪಾಯಿ ಬರಬೇಕಾದ ಬಡ್ಡಿ 6,000 ಆಯಿತು. ಸಂಘದ ಕೌಂಟರಿನಲ್ಲಿ ಕೂತವರಿಗೆ ಬೈಗುಳ, ಸಾಲ ತೆಗೆದ ಮೀನುಗಾರನಿಗೆ ಎದೆನೋವು.

ಸಾಲುಗಳ ಡಿಕ್ಕಿ ನೋಡುವುದು ಮರ್ಜ್ ಟೂಲಿನ ಕೆಲಸ. ಅರ್ಥದ ಡಿಕ್ಕಿ ಹಿಡಿಯುವುದು ಟೆಸ್ಟಿನ ಕೆಲಸ, ಮನುಷ್ಯರ ಕೆಲಸ. "ಎಲ್ಲಾ ಆಟೋಮ್ಯಾಟಿಕ್" ಅಂತ ಮಾರುವವರ ಮಾತು ಕೇಳುವಾಗ ಇದು ನೆನಪಿರಲಿ.

ಮೊದಲು ಮನೆಯಲ್ಲಿರುವುದನ್ನು ಬಳಸಿ

ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದೇ ಲಿನಕ್ಸ್ ಕರ್ನಲ್ಲಿಗೆ ಕೆಲಸ ಮಾಡುವ ಊರೂರಿನ ಜನರ ತಿದ್ದುಪಡಿ ಕೂಡಿಸಲು. ಅಂದರೆ ಮರ್ಜ್ ಅದಕ್ಕೆ ಹುಟ್ಟುಗುಣ. ಹೊಸ ಟೂಲಿಗೆ ದುಡ್ಡು ಕೊಡುವ ಮೊದಲು ಗಿಟ್ಟಿನಲ್ಲೇ ಇರುವ ಮೂರನ್ನು ನೋಡಿ.

ಒಂದು, ಗಿಟ್ ವರ್ಷನ್. 2021ರ ನವೆಂಬರಿನಲ್ಲಿ ಬಂದ 2.34ರಿಂದ 'ಓಆರ್‌ಟಿ' ಎನ್ನುವ ಹೊಸ ಮರ್ಜ್ ವಿಧಾನವೇ ಡೀಫಾಲ್ಟ್. ಫೈಲುಗಳ ಹೆಸರು ಬದಲಾದಾಗ ಹಳೆಯದಕ್ಕಿಂತ ಚೆನ್ನಾಗಿ, ಬೇಗ ಕೆಲಸ ಮಾಡುತ್ತದೆ. ಟೀಮಿನಲ್ಲಿ ಯಾರದ್ದಾದರೂ ಲ್ಯಾಪ್‌ಟಾಪಿನಲ್ಲಿ ಹಳೇ ಗಿಟ್ ಇದ್ದರೆ ಅಪ್‌ಡೇಟ್ ಮಾಡಿಸಿ.

ಎರಡು, ಕಾನ್‌ಫ್ಲಿಕ್ಟ್ ತೋರಿಸುವ ರೀತಿ. ಸಾಮಾನ್ಯವಾಗಿ ಗಿಟ್ "ನಿಮ್ಮದು ಇದು, ಅವರದ್ದು ಇದು" ಅಂತ ಎರಡೇ ತೋರಿಸುತ್ತದೆ. 'ಡಿಫ್3' ಅಥವಾ 2.35ರಲ್ಲಿ ಬಂದ 'ಜೆಡ್‌ಡಿಫ್3' ಅಂತ ಸೆಟ್ ಮಾಡಿದರೆ ನಡುವೆ ಮೂಲ ಸಾಲೂ ಕಾಣುತ್ತದೆ. ಮೂಲ ಕಂಡರೆ ಯಾರು ಏನು ಮಾಡಲು ಹೊರಟಿದ್ದರು ಅಂತ ತಿಳಿಯುತ್ತದೆ. ಒಂದೇ ಸಾಲಿನ ಸೆಟ್ಟಿಂಗ್, ಖರ್ಚಿಲ್ಲ.

ಮೂರು, 'ರೆರೆರೆ'. ಹೆಸರು ಕೇಳಿ ನಗಬೇಡಿ. ಒಂದು ಸಲ ಬಿಡಿಸಿದ ಕಾನ್‌ಫ್ಲಿಕ್ಟನ್ನು ಗಿಟ್ ನೆನಪಿಟ್ಟುಕೊಂಡು, ಅದೇ ಮತ್ತೆ ಬಂದರೆ ತಾನೇ ಬಿಡಿಸುತ್ತದೆ. ಕರೆಂಟ್ ಹೋಗಿ ರೀಬೇಸ್ ಅರ್ಧಕ್ಕೆ ಬಿಟ್ಟು, ಮತ್ತೆ ಮೊದಲಿಂದ ಶುರು ಮಾಡುವವರಿಗೆ ಇದು ದೊಡ್ಡ ಉಪಕಾರ. ಆದರೆ ಈ ನೆನಪು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುತ್ತದೆ, ಟೀಮಿಗೆ ಹಂಚಿಕೆಯಾಗುವುದಿಲ್ಲ. ತಪ್ಪಾಗಿ ಬಿಡಿಸಿದ್ದರೆ ಅದೇ ತಪ್ಪನ್ನು ಮತ್ತೆ ಹಾಕುತ್ತದೆ, ಹಾಗಾಗಿ ಒಮ್ಮೆ ಕಣ್ಣು ಹಾಯಿಸಿಯೇ ಮುಂದೆ ಹೋಗಿ.

ಕಣ್ಣಿಗೆ ಚಂದ ಕಾಣುವಂತೆ ಬಿಡಿಸಬೇಕು ಅಂದರೆ ಮೆಲ್ಡ್, ಕೆಡಿಫ್3 ಪುಕ್ಕಟೆ ಸಿಗುತ್ತವೆ. ವಿಎಸ್ ಕೋಡ್ ಬಳಸುವವರಿಗೆ ಅದರಲ್ಲೇ ಮರ್ಜ್ ಎಡಿಟರ್ ಇದೆ. ಬಿಯಾಂಡ್ ಕಂಪೇರ್ ಒಳ್ಳೆಯದೇ, ದುಡ್ಡು ಕೊಡಬೇಕು. ಇದರಲ್ಲಿ ರುಚಿ ಅವರವರದ್ದು, ಇಡೀ ಟೀಮು ಒಂದನ್ನೇ ಬಳಸಬೇಕು ಅಂತ ಇಲ್ಲ.

ಸಾಲು ನೋಡದೆ ಕೋಡಿನ ರಚನೆ ನೋಡಿ ಮರ್ಜ್ ಮಾಡುವ ಟೂಲುಗಳೂ ಬಂದಿವೆ. 2024ರಲ್ಲಿ ಬಂದ ಮರ್ಜಿರಾಫ್ ಅಂಥದ್ದು, ಅದೂ ಪುಕ್ಕಟೆ. ಇಬ್ಬರೂ ಒಂದೇ ಜಾಗದಲ್ಲಿ ಬೇರೆ ಬೇರೆ ಇಂಪೋರ್ಟ್ ಸಾಲು ಸೇರಿಸಿದರೆ ಗಿಟ್ ಕಾನ್‌ಫ್ಲಿಕ್ಟ್ ಅನ್ನುತ್ತದೆ, ಇದು ಎರಡನ್ನೂ ಸರಿಯಾಗಿ ಇಡುತ್ತದೆ. ಆದರೆ ಇಂಥ ಟೂಲು ಓಡುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ. ಗಿಟ್‌ಹಬ್ ಪುಟದ ಮರ್ಜ್ ಬಟನ್ ಒತ್ತಿದರೆ ಅದಕ್ಕೆ ಇದರ ಪರಿಚಯವೇ ಇರುವುದಿಲ್ಲ.

ಒಂದೇ ತರ ಕಾಣುವ ಕನ್ನಡ ಸಾಲು

ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡುವವರಿಗೆ ಬರುವ ಒಂದು ತಲೆನೋವಿದೆ. ಸ್ಕ್ರೀನಿನ ಎರಡೂ ಬದಿ "ಕೊನೆಯ ದಿನ" ಅಂತಲೇ ಇದೆ, ಆದರೂ ಗಿಟ್ ಕಾನ್‌ಫ್ಲಿಕ್ಟ್ ಅನ್ನುತ್ತದೆ. ಕಣ್ಣುಜ್ಜಿ ನೋಡಿದರೂ ವ್ಯತ್ಯಾಸ ಕಾಣುವುದಿಲ್ಲ.

ಕಾರಣ ಯುನಿಕೋಡಿನಲ್ಲಿದೆ. 'ಕೊ' ಅಕ್ಷರವನ್ನು ಕಂಪ್ಯೂಟರ್ ಎರಡು ರೀತಿ ಇಟ್ಟುಕೊಳ್ಳಬಹುದು. 'ಕ'ದ ಜೊತೆ ಒತ್ವದ ಒಂದೇ ಚಿಹ್ನೆ, ಇಲ್ಲವೇ 'ಕ'ದ ಜೊತೆ ಎತ್ವದ ಚಿಹ್ನೆ, ಆಮೇಲೆ ಊತ್ವದ ಚಿಹ್ನೆ. ಕಾಣುವುದು ಒಂದೇ 'ಕೊ'. 'ಕೀ', 'ಕೇ', 'ಕೈ', 'ಕೋ' ಇವುಗಳಿಗೂ ಹೀಗೇ ಒಂದಕ್ಕಿಂತ ಹೆಚ್ಚು ರೂಪ ಇದೆ. ಒಬ್ಬರು ಫೋನಿನಲ್ಲಿ ಟೈಪ್ ಮಾಡಿದ್ದು, ಇನ್ನೊಬ್ಬರು ಹಳೆಯ ಫಾಂಟಿನ ಫೈಲನ್ನು ಕನ್ವರ್ಟ್ ಮಾಡಿ ತಂದದ್ದು ಸೇರಿದರೆ ಎರಡೂ ರೂಪ ಒಂದೇ ಫೈಲಿನಲ್ಲಿ ಬಂದು ಕೂರಬಹುದು.

ಇನ್ನೊಂದು ಕಳ್ಳ ಇದೆ. 'ಸಾಫ್ಟ್‌ವೇರ್' ಪದದಲ್ಲಿ 'ಟ್'ಗೆ 'ವ' ಒತ್ತಾಗಿ ಹೋಗಬಾರದು ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಕೆಲವು ಕೀಬೋರ್ಡುಗಳು ಪದದ ಕೊನೆಯ ಅರ್ಧಾಕ್ಷರದ ಮುಂದೆಯೂ ಅದನ್ನು ಸೇರಿಸುತ್ತವೆ. ಆಗ ಒಬ್ಬರ 'ಬಿಲ್' ಬೇರೆ, ಇನ್ನೊಬ್ಬರ 'ಬಿಲ್' ಬೇರೆ.

ಯಾವ ದುಬಾರಿ ಮರ್ಜ್ ಟೂಲೂ ಇದನ್ನು ತಾನಾಗಿ ಬಿಡಿಸುತ್ತದೆ ಅಂತ ನಂಬಬೇಡಿ. ಮದ್ದು ಸರಳ. ಕಮಿಟ್ ಆಗುವ ಮೊದಲೇ ಕನ್ನಡ ಫೈಲುಗಳನ್ನು ಯುನಿಕೋಡಿನ 'ಎನ್‌ಎಫ್‌ಸಿ' ರೂಪಕ್ಕೆ ತರುವ, ಪದದ ಕೊನೆಯ ಅನಗತ್ಯ ಅದೃಶ್ಯ ಅಕ್ಷರ ತೆಗೆಯುವ ಚಿಕ್ಕ ಸ್ಕ್ರಿಪ್ಟ್ ಬರೆದು ಪ್ರೀ ಕಮಿಟ್ ಹುಕ್ಕಿನಲ್ಲಿ ಹಾಕಿ. ಪೈಥಾನಿನಲ್ಲಿ ಇದಕ್ಕೆ ಬೇಕಾದ ಲೈಬ್ರರಿ ಜೊತೆಗೇ ಬರುತ್ತದೆ.

ಕನ್ನಡ ಸಂದೇಶಗಳ ಫೈಲನ್ನೂ ಸ್ವಲ್ಪ ಜೋಡಿಸಿಕೊಳ್ಳಿ. ಎಲ್ಲರೂ ಹೊಸ ಸಂದೇಶವನ್ನು ಫೈಲಿನ ಕೊನೆಗೇ ಸೇರಿಸಿದರೆ ಪ್ರತಿ ಸಲ ಅಲ್ಲೇ ಡಿಕ್ಕಿ. ಕೀಗಳನ್ನು ಅಕಾರಾದಿಯಾಗಿ ಇಡಿ, ಅಥವಾ ಒಂದೊಂದು ಸ್ಕ್ರೀನಿಗೆ ಒಂದೊಂದು ಫೈಲ್ ಮಾಡಿ. ಅರ್ಧ ಕಾನ್‌ಫ್ಲಿಕ್ಟ್ ಹುಟ್ಟುವುದೇ ಇಲ್ಲ. ಗಿಟ್ಟಿನಲ್ಲಿ 'ಯೂನಿಯನ್' ಎನ್ನುವ ಆಯ್ಕೆ ಇದೆ, ಡಿಕ್ಕಿಯಾದ ಎರಡೂ ಸಾಲನ್ನು ಕೇಳದೆ ಇಟ್ಟುಕೊಳ್ಳುತ್ತದೆ. ಬದಲಾವಣೆಗಳ ಪಟ್ಟಿಯಂಥ ಬರಿ ಬರಹದ ಫೈಲಿಗೆ ಸರಿ. ಜೇಸನ್ ಫೈಲಿಗೆ ಹಾಕಿದರೆ ಅಲ್ಪವಿರಾಮ ತಪ್ಪಿ ಇಡೀ ಆ್ಯಪ್ ಮಲಗಬಹುದು.

"ಎರಡನ್ನೂ ಇಟ್ಟುಕೋ" ಬಟನ್ ಕೋಡಿನಲ್ಲೂ ಕೈಗೆ ಹತ್ತಿರವಾಗಿಯೇ ಇರುತ್ತದೆ. ಒಂದು ಸಾಲು ಎರಡಾದರೆ ಎಷ್ಟು ದುಬಾರಿ ಅನ್ನುವುದಕ್ಕೆ 2014ರಲ್ಲಿ ಆಪಲ್ ಸರಿಪಡಿಸಿದ ದೋಷ ನೋಡಿ. 'ಗೋಟು ಫೇಲ್' ಎನ್ನುವ ಸಾಲು ಕೋಡಿನಲ್ಲಿ ಎರಡು ಸಲ ಇತ್ತು. ಅಷ್ಟರಿಂದಲೇ ಐಫೋನ್, ಮ್ಯಾಕ್‌ಗಳು ಸುರಕ್ಷಿತ ಸಂಪರ್ಕದ ಸಹಿ ಪರೀಕ್ಷಿಸುವ ಹಂತವನ್ನೇ ಹಾರಿಸಿ ಮುಂದೆ ಹೋಗುತ್ತಿದ್ದವು.

ಕ್ರಾಸಿಂಗಿಗೆ ನಿಂತ ರೈಲು

ಈಗ ಕೊನೆಗೆ ಬಂದವರ ಪಾಡಿಗೆ ಬರೋಣ. ಗಿಟ್ಟಿನ ನಿಯಮ ಸರಳ: ಮೊದಲು ಬಂದವರು ಏನೂ ಕೊಡಬೇಕಿಲ್ಲ, ಆಮೇಲೆ ಬಂದವರು ಬಿಡಿಸಬೇಕು. ಟೀಮಿನಲ್ಲಿ ಆಮೇಲೆ ಬರುವವರು ಯಾರು? ನೆಟ್ ಸರಿ ಇಲ್ಲದ ಊರಿನವರು, ಹೊಸದಾಗಿ ಸೇರಿದವರು, ಮಗು ಮಲಗಿದ ಮೇಲೆ ಲಾಗಿನ್ ಆಗುವ ತಾಯಂದಿರು. ಕೋಡ್ ಬರೆಯುವುದರಲ್ಲಿ ಅವರು ಯಾರಿಗೂ ಕಮ್ಮಿ ಇಲ್ಲ. ಆದರೂ ಬೇರೆಯವರ ಗಂಟು ಬಿಡಿಸುವುದರಲ್ಲೇ ಅವರ ಸಂಜೆ ಹೋಗುತ್ತದೆ, ಅಪ್ರೈಸಲ್‌ನಲ್ಲಿ ಅದು ಎಲ್ಲೂ ಕಾಣುವುದಿಲ್ಲ.

ಇದಕ್ಕೆ ಹಲವು ಟೀಮುಗಳು ಮಾಡುವ ಮದ್ದು ರೋಗಕ್ಕಿಂತ ಜೋರು. "ಮರ್ಜ್ ಮಾಡುವ ಮೊದಲು ಬ್ರ್ಯಾಂಚ್ ಅಪ್ ಟು ಡೇಟ್ ಇರಲೇಬೇಕು" ಎನ್ನುವ ಸೆಟ್ಟಿಂಗ್ ಹಾಕುತ್ತಾರೆ. ಉದ್ದೇಶ ಒಳ್ಳೆಯದು, ಅರ್ಥದ ಡಿಕ್ಕಿಯನ್ನೂ ಟೆಸ್ಟ್ ಹಿಡಿಯಲಿ ಅಂತ. ಆದರೆ ನೀವು ಅಪ್‌ಡೇಟ್ ಮಾಡಿ ಟೆಸ್ಟ್ ಮುಗಿಯಲು ಕಾಯುವಷ್ಟರಲ್ಲಿ ಬೆಂಗಳೂರಿನವರು ಇನ್ನೊಂದನ್ನು ಮರ್ಜ್ ಮಾಡಿರುತ್ತಾರೆ. ಮತ್ತೆ ಅಪ್‌ಡೇಟ್, ಮತ್ತೆ ಟೆಸ್ಟ್. ಇದು ಓಟದ ಪಂದ್ಯ, ಇದರಲ್ಲಿ ನೆಟ್ ಜೋರಿದ್ದವರೇ ಗೆಲ್ಲುವುದು.

ಕೊಂಕಣ ರೈಲ್ವೆಯಲ್ಲಿ ಓಡಾಡಿದವರಿಗೆ ಇನ್ನೊಂದು ದಾರಿ ಗೊತ್ತಿರುತ್ತದೆ. ನಮ್ಮ ಕಡೆ ಅದು ಒಂಟಿ ಹಳಿ. ಮುರ್ಡೇಶ್ವರದಲ್ಲೋ ಹೊನ್ನಾವರದಲ್ಲೋ ರೈಲು ಕ್ರಾಸಿಂಗಿಗೆ ನಿಲ್ಲುತ್ತದೆ. ಯಾವುದು ಮೊದಲು ಹೋಗಬೇಕು ಅಂತ ಡ್ರೈವರುಗಳು ಪೈಪೋಟಿ ಮಾಡುವುದಿಲ್ಲ. ಸಿಗ್ನಲ್ ಹೇಳುತ್ತದೆ, ಅವರು ಹೋಗುತ್ತಾರೆ.

ಮರ್ಜ್ ಕ್ಯೂ ಅಂದರೆ ಇದೇ. ಗಿಟ್‌ಲ್ಯಾಬಿನವರು ಇದಕ್ಕೆ 'ಮರ್ಜ್ ಟ್ರೇನ್' ಅಂತಲೇ ಹೆಸರಿಟ್ಟಿದ್ದಾರೆ. ರಿವ್ಯೂ ಮುಗಿದ ಮೇಲೆ ನಿಮ್ಮ ಕೆಲಸವನ್ನು ಸಾಲಿಗೆ ಹಾಕುತ್ತೀರಿ. ನಿಮಗಿಂತ ಮುಂದಿರುವ ಕೆಲಸಗಳನ್ನೂ ಸೇರಿಸಿಕೊಂಡು ಸರ್ವರ್ ಟೆಸ್ಟ್ ಓಡಿಸುತ್ತದೆ. ಪಾಸಾದರೆ ಮುಖ್ಯ ಬ್ರ್ಯಾಂಚಿಗೆ ಹೋಗುತ್ತದೆ, ಫೇಲಾದರೆ ನಿಮ್ಮದನ್ನು ಮಾತ್ರ ಪಕ್ಕಕ್ಕಿಟ್ಟು ಉಳಿದವು ಮುಂದೆ ಸಾಗುತ್ತವೆ. ಬಡ್ಡಿ ಲೆಕ್ಕದ ಟೆಸ್ಟ್ ಇದ್ದಿದ್ದರೆ ಮೇಲೆ ಹೇಳಿದ 6,000 ರೂಪಾಯಿ ತಪ್ಪು ಇಲ್ಲೇ ಸಿಕ್ಕಿಬೀಳುತ್ತಿತ್ತು.

ಹೆಬಳೆಯವರಿಗೆ ಮುಖ್ಯವಾದದ್ದು ಇದು: ಸಾಲಿಗೆ ಹಾಕಿದ ಮೇಲೆ ನಿಮ್ಮ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಓಡುವುದು ಸರ್ವರಿನಲ್ಲಿ, ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ.

ಯೋಚನೆ ಹೊಸದಲ್ಲ. ರಸ್ಟ್ ಭಾಷೆ ಶುರು ಮಾಡಿದ ಗ್ರೇಡನ್ ಹೋರ್ 2014ರಲ್ಲಿ ಇದನ್ನು "ರಾಕೆಟ್ ವಿಜ್ಞಾನವೇನಲ್ಲ" ಎನ್ನುವ ನಿಯಮವಾಗಿ ಬರೆದರು. ಎಲ್ಲಾ ಟೆಸ್ಟ್ ಪಾಸಾಗುವ ಕೋಡು ಯಾವಾಗಲೂ ಇರುವಂತೆ ಯಂತ್ರವೇ ನೋಡಿಕೊಳ್ಳಲಿ ಅನ್ನುವುದು ಅದರ ಸಾರ. ರಸ್ಟಿನಲ್ಲಿ ಆ ಕಾವಲು ಕೆಲಸ ಮಾಡಿದ್ದು 'ಬೋರ್ಸ್' ಎನ್ನುವ ಬಾಟ್.

ಎರಡು ಎಚ್ಚರಿಕೆ. ಕ್ಯೂ ಸಾಲಿನ ಡಿಕ್ಕಿಯನ್ನು ಬಿಡಿಸುವುದಿಲ್ಲ, ಅದು ಬಂದರೆ ನಿಮ್ಮ ಹತ್ತಿರ ವಾಪಸ್ ಬರುತ್ತದೆ. ಮತ್ತೆ, ಟೆಸ್ಟ್ ಇಲ್ಲದ ಟೀಮಿಗೆ ಕ್ಯೂ ಅಂದರೆ ಟಿಕೆಟ್ ನೋಡದ ಟಿಸಿ ಇದ್ದ ಹಾಗೆ.

ದುಡ್ಡಿನ ವಿಷಯ: ಗಿಟ್‌ಹಬ್ಬಿನ ಮರ್ಜ್ ಕ್ಯೂ 2023ರ ಜುಲೈಯಿಂದ ಎಲ್ಲರಿಗೂ ತೆರೆದಿದೆ. ಆದರೆ ಸಂಸ್ಥೆಯ ಖಾಸಗಿ ರೆಪೊಗೆ ಬೇಕೆಂದರೆ ಎಂಟರ್‌ಪ್ರೈಸ್ ಕ್ಲೌಡ್ ಪ್ಲಾನ್ ಇರಬೇಕು. ಗಿಟ್‌ಲ್ಯಾಬಿನ ಮರ್ಜ್ ಟ್ರೇನ್ ಪ್ರೀಮಿಯಂ ಪ್ಲಾನಿನಿಂದ ಮೇಲೆ. ಮರ್ಜಿಫೈ ಹೊರಗಿನವರ ಸೇವೆ. ಓಪನ್‌ಸ್ಟ್ಯಾಕ್ ಯೋಜನೆಯಿಂದ ಬಂದ ಜೂಲ್ ಪುಕ್ಕಟೆ, ಆದರೆ ಅದನ್ನು ನಡೆಸಿಕೊಂಡು ಹೋಗಲು ಒಬ್ಬರು ಬೇಕು. ಪ್ಲಾನುಗಳು ಬದಲಾಗುತ್ತಿರುತ್ತವೆ, ದುಡ್ಡು ಕಟ್ಟುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ನಿಮಗೆ ಕ್ಯೂ ಬೇಕಾ?

ಒಂದು ಗುಣಾಕಾರ ಮಾಡಿ. ದಿನಕ್ಕೆ ಎಷ್ಟು ಮರ್ಜ್, ಒಂದು ಸಲ ಟೆಸ್ಟ್ ಓಡಲು ಎಷ್ಟು ನಿಮಿಷ. ಆರು ಜನರ ಟೀಮಿನಲ್ಲಿ ದಿನಕ್ಕೆ 8 ಮರ್ಜ್, ಟೆಸ್ಟಿಗೆ 15 ನಿಮಿಷ ಅಂದರೆ 120 ನಿಮಿಷ, ಎರಡು ಗಂಟೆ. ಒಂದಾದ ಮೇಲೊಂದು ಹೋದರೂ ದಿನದಲ್ಲಿ ಆರಾಮಾಗಿ ಮುಗಿಯುತ್ತದೆ. ಇದಕ್ಕೆ ದೊಡ್ಡ ಪ್ಲಾನ್ ಕೊಳ್ಳಬೇಕಿಲ್ಲ. ಟೀಮಿನ ಚಾಟ್ ಗ್ರೂಪಿನಲ್ಲಿ "ಈಗ ನನ್ನ ಸರದಿ" ಅಂತ ಹಾಕಿ, ಮುಗಿದ ಮೇಲೆ "ಬಿಟ್ಟೆ" ಅನ್ನಿ. ನೆಟ್ ತೊಂದರೆ ಇರುವವರಿಗೆ ಬೆಳಿಗ್ಗೆಯ ಮೊದಲ ಸರದಿ ಕೊಡಿ.

ದಿನಕ್ಕೆ 40 ಮರ್ಜ್, ಟೆಸ್ಟಿಗೆ 20 ನಿಮಿಷ ಅಂದರೆ 800 ನಿಮಿಷ, ಹದಿಮೂರು ಗಂಟೆ ದಾಟುತ್ತದೆ. ಆಗ ಕ್ಯೂ ಬೇಕೇ ಬೇಕು, ಹಲವು ಕೆಲಸಗಳನ್ನು ಒಟ್ಟಿಗೆ ಪರೀಕ್ಷಿಸುವಂಥದ್ದೇ ಬೇಕು.

ಎಐ ಬಿಡಿಸಿಕೊಡಲ್ವಾ ಅಂತ ಕೇಳ್ತೀರಿ. ಕಾನ್‌ಫ್ಲಿಕ್ಟ್ ತೋರಿಸಿದರೆ ಉತ್ತರ ಕೊಡುತ್ತದೆ, ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಅದನ್ನು ಹೊಸ ಸಹೋದ್ಯೋಗಿಯ ಸಲಹೆ ಅಂತ ತಗೊಳ್ಳಿ: ಓದಿ, ಟೆಸ್ಟ್ ಓಡಿಸಿ, ಆಮೇಲೆ ಒಪ್ಪಿ. ಜನರ ಸಾಲದ ಲೆಕ್ಕದ ಕೋಡನ್ನು ಹೊರಗಿನ ಸೇವೆಗೆ ಕಳಿಸಬಹುದಾ ಅಂತ ಮೊದಲು ಕಂಪನಿಯನ್ನು ಕೇಳಿ.

ಮ್ಯಾನೇಜರಿಗೆ ಹೀಗೆ ಬರೆಯಿರಿ

ಹೋಲಿಕೆಯ ದೊಡ್ಡ ಪಟ್ಟಿ ಬೇಡ. ಐದು ಸಾಲು ಸಾಕು.

1. ಈ ವಾರ: ಎಲ್ಲರ ಗಿಟ್ ಅಪ್‌ಡೇಟ್, ಮೂಲ ಸಾಲು ತೋರಿಸುವ ಸೆಟ್ಟಿಂಗ್, ರೆರೆರೆ. ಖರ್ಚು ಸೊನ್ನೆ.

2. ಕನ್ನಡ ಫೈಲುಗಳಿಗೆ ಎನ್‌ಎಫ್‌ಸಿ ಹುಕ್, ಸ್ಕ್ರೀನಿಗೊಂದು ಫೈಲ್.

3. ಬಡ್ಡಿ, ದಂಡ, ಕಂತು, ಈ ಮೂರರ ಲೆಕ್ಕಕ್ಕೆ ಮೊದಲು ಟೆಸ್ಟ್. ಟೂಲಿಗೆ ಇಟ್ಟ ದುಡ್ಡು, ಸಮಯ ಇದ್ದರೆ ಇಲ್ಲಿ ಹಾಕಿ.

4. ಬ್ರ್ಯಾಂಚ್ ಎರಡು ದಿನಕ್ಕಿಂತ ಹೆಚ್ಚು ಬದುಕಬಾರದು. ಬ್ರ್ಯಾಂಚ್ ಸಣ್ಣದಾದಷ್ಟೂ ಡಿಕ್ಕಿ ಕಮ್ಮಿ, ಕರೆಂಟ್ ಹೋದರೂ ಕಳೆದುಕೊಳ್ಳುವುದು ಕಮ್ಮಿ. ಮರ್ಜ್ ಸರದಿಯಂತೆ ನಡೆಯಲಿ, ಮೂರು ತಿಂಗಳ ಮೇಲೆ ಗುಣಾಕಾರ ಮತ್ತೆ ಮಾಡಿ ಕ್ಯೂ ಬೇಕಾ ನೋಡೋಣ.

5. ಕಾನ್‌ಫ್ಲಿಕ್ಟ್ ಬಂದರೆ ಆ ಸಾಲು ಬರೆದ ಇಬ್ಬರೂ ಕಾಲ್‌ನಲ್ಲಿ ಕೂತು ಬಿಡಿಸಬೇಕು. ಕೊನೆಗೆ ಬಂದವರೊಬ್ಬರೇ ಅಲ್ಲ.

ಐದನೆಯದನ್ನು ಬರೆಯಲು ಸಂಕೋಚ ಬೇಡ. ನನ್ನ ನೆಟ್ ಸರಿ ಇಲ್ಲ, ಕ್ಷಮಿಸಿ ಅಂತ ಬೇಡಿಕೊಳ್ಳುವ ವಿಷಯ ಇದಲ್ಲ. ದೊಡ್ಡಪ್ಪ ಮಂಟಪ ಬದಲಿಸಿದ್ದು ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ, ಚಿಕ್ಕಮ್ಮ ಸಾಲು ಸೇರಿಸಿದ್ದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಇಬ್ಬರೂ ಎರಡು ನಿಮಿಷ ಮಾತಾಡಿದರೆ ಸರಿಹೋಗುವುದನ್ನು ಮೂರನೆಯವರೊಬ್ಬರು ರಾತ್ರಿ ಹತ್ತಕ್ಕೆ ಊಹಿಸಿ ತಿದ್ದುವುದರಿಂದಲೇ ತಪ್ಪು ಒಳಗೆ ನುಸುಳುವುದು. ಈ ನಿಯಮದಿಂದ ನಿಮ್ಮ ಸಂಜೆಯೂ ಉಳಿಯುತ್ತದೆ, ಸಂಘದ ಸದಸ್ಯರ ದುಡ್ಡೂ ಉಳಿಯುತ್ತದೆ ಅಂತ ಮ್ಯಾನೇಜರಿಗೆ ಲೆಕ್ಕದಲ್ಲೇ ತೋರಿಸಿ.